ನಾಗಲಕ್ಷ್ಮಿಯ ದಾಖಲೆ ಎಲ್ಲಿದೆ?

ಮನೆತನದ ಚರಿತ್ರೆ ಹುಡುಕಲು ಹೊರಟವರು ಯಾರಾದರೂ ಮೊದಲು ಏನು ಓದಬೇಕೆಂದು ಕೇಳಿದರೆ ನಾನು ಎರಡು ಕಾದಂಬರಿಗಳ ಹೆಸರು ಹೇಳುತ್ತೇನೆ. ಒಂದು ಷಾರ್ಲಟ್ ಬ್ರಾಂಟೆಯ ‘ಜೇನ್ ಐರ್’ (1847), ಇನ್ನೊಂದು ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ (1965). ಎರಡರಲ್ಲೂ ಹೆಂಡತಿ ಬದುಕಿರುವಾಗಲೇ ಇನ್ನೊಂದು ಮದುವೆಗೆ ಹೊರಡುವ ಗಂಡಸಿದ್ದಾನೆ. ಎರಡರಲ್ಲೂ ಕಾಗದವೊಂದು ಹೊರಬಂದು ಎಲ್ಲವನ್ನೂ ಬುಡಮೇಲು ಮಾಡುತ್ತದೆ. ಆದರೆ ಆ ಕಾಗದ ಬಯಲು ಮಾಡುವ ಸತ್ಯ ಬೇರೆ ಬೇರೆ.

ಜೇನ್ ಮತ್ತು ರಾಚೆಸ್ಟರ್ ಚರ್ಚಿನಲ್ಲಿ ನಿಂತಿರುವಾಗ ವಕೀಲನೊಬ್ಬ ಮದುವೆಯನ್ನು ತಡೆಯುತ್ತಾನೆ. ಅವನ ಕೈಯಲ್ಲಿರುವುದು ಒಂದು ಹೇಳಿಕೆ: ಹದಿನೈದು ವರ್ಷದ ಹಿಂದೆ ಜಮೈಕಾದ ಸ್ಪ್ಯಾನಿಷ್ ಟೌನಿನಲ್ಲಿ ಈತನ ಮದುವೆಯಾಗಿದೆ, ಅಲ್ಲಿನ ಚರ್ಚಿನ ರಿಜಿಸ್ಟರಿನಲ್ಲಿ ನಮೂದಾಗಿದೆ, ನಕಲು ನಮ್ಮ ಬಳಿ ಇದೆ. ಇವತ್ತಿನ ವಂಶಶೋಧಕ ಮಾಡುವುದೂ ಇದನ್ನೇ. ಮೊದಲ ಹೆಂಡತಿಯನ್ನು ಬಿಟ್ಟುಬಿಡಲು ರಾಚೆಸ್ಟರನಿಗೆ ದಾರಿಯಿರಲಿಲ್ಲವೇ? ಇರಲಿಲ್ಲ. 1858ರಲ್ಲಿ ವಿಚ್ಛೇದನದ ಕೋರ್ಟು ಬರುವ ಮೊದಲು ಮರುಮದುವೆಗೆ ಅವಕಾಶ ಕೊಡುವಂಥ ವಿಚ್ಛೇದನ ಬೇಕಾದರೆ ಪಾರ್ಲಿಮೆಂಟಿನಿಂದ ಒಂದು ಖಾಸಗಿ ಕಾಯಿದೆಯನ್ನೇ ಮಾಡಿಸಬೇಕಿತ್ತು. ಒಂದೂವರೆ ಶತಮಾನದಲ್ಲಿ ಹಾಗೆ ಬಿಡುಗಡೆ ಪಡೆದವರು ಮುನ್ನೂರು ಚಿಲ್ಲರೆ ಮಂದಿ. ಅವರಲ್ಲಿ ಹೆಂಗಸರು ಬರೀ 4. ಹುಚ್ಚು ವಿಚ್ಛೇದನಕ್ಕೆ ಕಾರಣವಾಗಿ ಒಪ್ಪಿಗೆಯಾದದ್ದು 1937ರಲ್ಲಿ. ಬಡವರು ಇನ್ನೇನು ಮಾಡಿಯಾರು? ಊರು ಬಿಟ್ಟು, ಇನ್ನೊಂದು ಊರಿನ ಮದುವೆ ರಿಜಿಸ್ಟರಿನಲ್ಲಿ ‘ವಿಧುರ’ ಎಂದು ಬರೆಸಿದವರುಂಟು. ಆ ಪದದ ಮುಂದೆ ಮೊದಲ ಹೆಂಡತಿಯ ಮರಣ ದಾಖಲೆ ಇಟ್ಟು ನೋಡಿದರೆ ಗುಟ್ಟು ಹೊರಬೀಳುತ್ತದೆ. ಅಪರಾಧವಾದ್ದರಿಂದ ಸುಳ್ಳು ಹೇಳಬೇಕಾಯಿತು, ಸುಳ್ಳು ಹೇಳಿದ್ದರಿಂದ ಗುರುತು ಉಳಿಯಿತು.

‘ವಂಶವೃಕ್ಷ’ಕ್ಕೆ ಬನ್ನಿ. ಶ್ರೀನಿವಾಸ ಶ್ರೋತ್ರಿಯರು ಹಳೆಯ ಕಾಗದಪತ್ರಗಳಿಂದ ತಮ್ಮ ಹುಟ್ಟಿನ ನಿಜ ತಿಳಿಯುತ್ತಾರೆ. ತಾವು ಆ ವಂಶದ ರಕ್ತವೇ ಅಲ್ಲ. ವಿಮರ್ಶಕರು ಹೆಚ್ಚಾಗಿ ಇಲ್ಲಿಯೇ ನಿಂತಿದ್ದಾರೆ. ನನ್ನ ಕಣ್ಣು ಹೋಗುವುದು ಸದಾಶಿವರಾಯನ ಮನೆಗೆ. ಭಾರತದ ಸಾವಿರಾರು ವರ್ಷಗಳ ಚರಿತ್ರೆ ಬರೆಯುವ ಈ ವಿದ್ವಾಂಸ, ನಾಗಲಕ್ಷ್ಮಿ ಮನೆಯಲ್ಲಿರುವಾಗಲೇ, ಸಿಂಹಳದಿಂದ ಬಂದ ಸಂಶೋಧಕಿಯನ್ನು ಮದುವೆಯಾಗುತ್ತಾನೆ. ಅದನ್ನು ಯಾವ ವಕೀಲನೂ ಬಂದು ತಡೆಯುವುದಿಲ್ಲ. ಆಗಿನ ಮೈಸೂರು ಸೀಮೆಯಲ್ಲಿ ಹಿಂದೂ ಗಂಡಸಿಗೆ ಅದು ಅಪರಾಧವಾಗಿರಲಿಲ್ಲ. ಮುಚ್ಚಿಡುವುದು ಏನೂ ಇಲ್ಲದ ಕಡೆ ಸುಳ್ಳಿನ ಗುರುತೂ ಇಲ್ಲ. ಜೇನ್ ಐರ್‌ಳಂತೆ ಎದ್ದು ಹೊರಟುಹೋಗುವ ಹಾದಿಯೂ ನಾಗಲಕ್ಷ್ಮಿಗೆ ಕಾಣುವುದಿಲ್ಲ. ಅವಳು ರಾಮನಾಮ ಬರೆಯುತ್ತ ಕೂರುತ್ತಾಳೆ. ಅವಳು ಬಿಟ್ಟುಹೋಗುವ ದಾಖಲೆ ಎಂದರೆ ಅದೇ. ಕಾದಂಬರಿಯ ಕೇಂದ್ರ ಪ್ರಶ್ನೆ ಬೀಜ–ಕ್ಷೇತ್ರದ್ದೆಂದು ಎಷ್ಟೇ ಹೇಳಿದರೂ, ಈ ಬರವಣಿಗೆಯ ಮುಂದೆ ಶ್ರೋತ್ರಿಯರ ಸಂಕಟ ನನಗೆ ಸ್ವಲ್ಪ ಸಣ್ಣದಾಗಿಯೇ ಕಾಣುತ್ತದೆ. ಅವರಿಗೆ ತ್ಯಾಗ ಮಾಡಲು ಆಸ್ತಿಯಾದರೂ ಇತ್ತು.

ನಮ್ಮ ಕಡೆ ಹುಡುಕುವವರು ಮೊದಲು ಇಸವಿ ಗಮನಿಸಬೇಕು. ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಧಾರವಾಡ, ಬೆಳಗಾವಿ, ಬಿಜಾಪುರಗಳಲ್ಲಿ ದ್ವಿಪತ್ನಿತ್ವಕ್ಕೆ ತಡೆ ಬಂದದ್ದು 1946ರಲ್ಲಿ. ಮದರಾಸಿಗೆ ಸೇರಿದ್ದ ದಕ್ಷಿಣ ಕನ್ನಡದಲ್ಲಿ 1949ರಲ್ಲಿ. ಮೈಸೂರು ಸೀಮೆಯೂ ಸೇರಿದಂತೆ ದೇಶದ ಹಿಂದೂಗಳಿಗೆಲ್ಲ 1955ರ ಕಾಯಿದೆಯಿಂದ. ವಿಚ್ಛೇದನವೂ ಬರೀ ಕೋರ್ಟಿನ ವ್ಯವಹಾರವಾಗಿರಲಿಲ್ಲ. ಅನೇಕ ಸಮುದಾಯಗಳಲ್ಲಿ ಪಂಚರ ಎದುರು ಬಿಡುಗಡೆಯಾಗಿ, ಹೆಂಗಸು ಮತ್ತೆ ಉಡಿಕೆಯಲ್ಲೋ ಕೂಡಿಕೆಯಲ್ಲೋ ಹೋಗುತ್ತಿದ್ದಳು. 1955ರ ಕಾಯಿದೆಯೂ ಇಂಥ ರೂಢಿಯ ಬಿಡುಗಡೆಗೆ ಜಾಗ ಉಳಿಸಿದೆ. ಉತ್ತರ ಕರ್ನಾಟಕದ ಹಳೆಯ ಟ್ರಂಕಿನಲ್ಲಿ ಸೋಡಚೀಟಿ ಸಿಕ್ಕರೆ ಅದನ್ನು ರದ್ದಿಗೆ ಹಾಕಬೇಡಿ. ಎರಡನೆಯ ಮದುವೆ ಕಳ್ಳತನದ್ದೋ ನ್ಯಾಯದ್ದೋ ಎಂಬುದು ಆ ಚೀಟಿಯ ತಾರೀಖಿನ ಮೇಲೆ ನಿಂತಿರಬಹುದು.

ಚೀಟಿ ಇಲ್ಲದಿದ್ದರೆ? ಹೆಳವರು ಎತ್ತಿನ ಮೇಲೆ ಬಂದು ವಂಶಾವಳಿ ಹೇಳುತ್ತಾರೆ, ಆದರೆ ಕಾಳು ಕೊಡುವ ಮನೆಯ ಯಜಮಾನನ ಮುಂದೆ ಹೇಳುತ್ತಾರೆ. ವಿಭಾಗಪತ್ರ, ಜೀವನಾಂಶದ ದಾವೆ, ಪಹಣಿಯ ಹೆಸರು ಬದಲಾವಣೆ, ಇವು ಇನ್ನೂ ಒರಟಾದ ನಿಜ ಹೇಳುತ್ತವೆ. ಎರಡನೆಯ ಹೆಂಡತಿಯ ಮಕ್ಕಳ ಹೆಸರು ಸಾಮಾನ್ಯವಾಗಿ ಅಲ್ಲಿ ಎದುರಾಗುತ್ತದೆ, ಜಗಳದ ರೂಪದಲ್ಲಿ. ಅನೂರ್ಜಿತ ಮದುವೆಯ ಮಕ್ಕಳಿಗೆ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ತಂದೆಗೆ ಬರುವ ಪಾಲಿನೊಳಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟು 2023ರಲ್ಲಿ ಹೇಳಿದ್ದು ಕರ್ನಾಟಕದಿಂದ ಹೋದ ಪ್ರಕರಣದಲ್ಲೇ.

ಮಕ್ಕಳು ಹೀಗೆ ಕಾಗದಕ್ಕೆ ಬರುತ್ತಾರೆ. ಮೊದಲ ಹೆಂಡತಿ ದಾವೆ ಹೂಡಿದ್ದರೆ ಬರುತ್ತಾಳೆ. ಹೂಡದೆ ಅಡುಗೆಮನೆಯ ಪಕ್ಕದ ಕೋಣೆಯಲ್ಲಿ ಕೂತು ಬರೆದವಳ ಪುಸ್ತಕಗಳನ್ನು ಆಯುಧಪೂಜೆಗೆ ಮನೆ ಗುಡಿಸುವಾಗ ಯಾರೋ ಕಟ್ಟು ಕಟ್ಟಿ ಅಟ್ಟಕ್ಕೆ ಹಾಕಿರುತ್ತಾರೆ.