ಕಾಗೆಯನ್ನೂ ಬರೆದುಕೊಳ್ಳಿ

ಭಾನುವಾರ ಬೆಳಗಿನ ಆರೂವರೆಗೆ ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿ ಮೇಲೆ ಹತ್ತು ಹನ್ನೆರಡು ಮಂದಿ ಸೇರುತ್ತೇವೆ. ಎಲ್ಲರ ಕೊರಳಲ್ಲೂ ಬೈನಾಕ್ಯುಲರ್. ಕಾಲೇಜು ಹುಡುಗರು, ಒಬ್ಬ ಬ್ಯಾಂಕ್ ನೌಕರ, ಇಬ್ಬರು ಗೃಹಿಣಿಯರು, ನಿವೃತ್ತನಾಗಿ ಈ ಊರಿಗೆ ಬಂದ ನಾನು. ಹಕ್ಕಿ ನೋಡುವ ಹುಚ್ಚು ನನಗೆ ಹತ್ತಿ ನಲವತ್ತು ವರ್ಷ ದಾಟಿತು. ಅಷ್ಟೂ ಕಾಲ ಒಬ್ಬನೇ ಅಲೆದವನು, ಗುಂಪಿಗೆ ಸೇರಿದ್ದು ಕಳೆದ ವರ್ಷ. ಜನ ಒಟ್ಟಾಗಿ ಹಕ್ಕಿ ನೋಡುವ ಈ ಪದ್ಧತಿ ನಮ್ಮಲ್ಲಿ ಹೊಸದಲ್ಲ. ಬೆಂಗಳೂರಿನ ಲಾಲ್‌ಬಾಗಿನಲ್ಲಿ ಪ್ರತಿ ತಿಂಗಳ ಎರಡನೇ ಭಾನುವಾರದ ನಡಿಗೆ ದಶಕಗಳಿಂದ ನಡೆದು ಬಂದಿದೆ. ಈಗ ಅದು ಸಣ್ಣ ಊರುಗಳಿಗೂ ಹಬ್ಬುತ್ತಿದೆ. ಅದರ ಬೆಲೆಯನ್ನೂ ಕೊರತೆಯನ್ನೂ ತೂಗಿ ನೋಡುವ ಹೊತ್ತು ಇದು.

ಗುಂಪು ನನಗೆ ಮೊದಲು ಕೊಟ್ಟದ್ದು ಕಿವಿ. ಚಳಿಗಾಲದಲ್ಲಿ ಪೊದೆಯೊಳಗಿಂದ ಎರಡು ಬೆಣಚುಕಲ್ಲು ತಾಕಿಸಿದಂತೆ ‘ಟಕ್, ಟಕ್’ ಎಂಬ ಸದ್ದು ಬರುತ್ತದೆ. ಎಷ್ಟೋ ವರ್ಷ ಅದನ್ನು ಕೇಳಿಯೂ ಯಾವುದೋ ಹುಳುವೆಂದು ಮುಂದೆ ನಡೆದಿದ್ದೆ. ಹತ್ತೊಂಬತ್ತರ ಹುಡುಗಿಯೊಬ್ಬಳು ತೋಳು ಹಿಡಿದು ನಿಲ್ಲಿಸಿ, “ಅಂಕಲ್, ಬ್ಲೈತ್ಸ್ ರೀಡ್ ವಾರ್ಬ್ಲರ್, ಸ್ವಲ್ಪ ಇರಿ, ಹೊರಗೆ ಬರುತ್ತೆ” ಅಂದಳು. ಬಂತು. ಹಿಮಾಲಯದಾಚೆಯಿಂದ ಪ್ರತಿವರ್ಷ ಬರುವ ಆ ಮಣ್ಣುಬಣ್ಣದ ಅತಿಥಿಯನ್ನು ಗುರುತಿಸಲು ನನಗೆ ಅರವತ್ತು ತುಂಬಬೇಕಾಯಿತು. ಒಬ್ಬನ ಕಣ್ಣು ತನಗೆ ಗೊತ್ತಿರುವುದನ್ನೇ ಮತ್ತೆ ಮತ್ತೆ ಹುಡುಕುತ್ತದೆ. ಹತ್ತು ಜನರಿದ್ದಾಗ ಗೊತ್ತಿಲ್ಲದ್ದೂ ಕಾಣಿಸುತ್ತದೆ.

ಎರಡನೆಯ ಪಾಠ ಇದಕ್ಕಿಂತ ದೊಡ್ಡದು. ನನ್ನ ಹಳೆಯ ನೋಟ್‌ಬುಕ್ಕುಗಳ ತುಂಬ ಅಪರೂಪದ ಹಕ್ಕಿಗಳಿವೆ. ಕಾಗೆ, ಗೊರವಂಕ, ಪಿಕಳಾರಗಳನ್ನು ನಾನು ಬರೆದೇ ಇಲ್ಲ. ದಿನಾ ಕಾಣುವುದನ್ನು ಯಾಕೆ ಬರೆಯುವುದು ಎಂಬ ಉದಾಸೀನ. ಗುಂಪಿನವರು ಹಕ್ಕಿಗಳ ದಾಖಲೆ ಸೇರಿಸುವ ಇ-ಬರ್ಡ್ ಎಂಬ ಅಂತರ್ಜಾಲ ತಾಣದಲ್ಲಿ ಪಟ್ಟಿ ಮಾಡುವ ಕ್ರಮ ಬೇರೆ. ಎಷ್ಟು ಹೊತ್ತು ನೋಡಿದೆವು, ಎಷ್ಟು ದೂರ ನಡೆದೆವು, ಗುರುತು ಹತ್ತಿದ ಹಕ್ಕಿಗಳೆಲ್ಲ ಯಾವುವು, ಎಷ್ಟೆಷ್ಟು ಎಂದು ಒಂದನ್ನೂ ಬಿಡದೆ ನಮೂದಿಸುತ್ತಾರೆ. ಹೀಗೆ ಬರೆದಾಗ ‘ಇವತ್ತು ಕಾಣಲಿಲ್ಲ’ ಎಂಬುದೂ ಮಾಹಿತಿಯಾಗುತ್ತದೆ. ನೂರು ಪಟ್ಟಿಗಳಲ್ಲಿ ಎಷ್ಟರಲ್ಲಿ ಒಂದು ಹಕ್ಕಿ ಇದೆ ಎಂದು ವರ್ಷ ವರ್ಷ ಹೋಲಿಸಿದರೆ ಅದರ ಏರಿಳಿತ ತಿಳಿಯುತ್ತದೆ.

2023ರ ‘ಸ್ಟೇಟ್ ಆಫ್ ಇಂಡಿಯಾಸ್ ಬರ್ಡ್ಸ್’ ವರದಿ ನಿಂತಿರುವುದು ಈ ಬುನಾದಿಯ ಮೇಲೆ. ಮೂವತ್ತು ಸಾವಿರಕ್ಕೂ ಹೆಚ್ಚು ವೀಕ್ಷಕರು ಬರೆದಿಟ್ಟ ಸುಮಾರು ಮೂರು ಕೋಟಿ ದಾಖಲೆಗಳಿಂದ 942 ಪ್ರಭೇದಗಳ ಸ್ಥಿತಿಗತಿ ಅದರಲ್ಲಿದೆ. ನೀಲಕಂಠದ ಸಂಖ್ಯೆ ತೀವ್ರವಾಗಿ ಕುಸಿದಿದೆ, ಅಳಿವಿನ ಅಪಾಯವನ್ನು ಅಳೆಯುವ ಜಾಗತಿಕ ಕೆಂಪುಪಟ್ಟಿಯಲ್ಲಿ ಅದರ ಸ್ಥಾನವನ್ನು ಮತ್ತೆ ಪರಿಶೀಲಿಸಬೇಕು ಎಂದು ವರದಿ ಹೇಳುತ್ತದೆ. ನೀಲಕಂಠ ನಮ್ಮ ರಾಜ್ಯಪಕ್ಷಿ. ನಾನು ಚಿಕ್ಕವನಾಗಿದ್ದಾಗ ಹೊಲದ ದಾರಿಯ ತಂತಿಗಳ ಮೇಲೆ ಸಾಲಾಗಿ ಕೂತಿರುತ್ತಿದ್ದವು. ಎಷ್ಟಿದ್ದವು, ಯಾವ ವರ್ಷದಿಂದ ಕಡಿಮೆಯಾದವು ಎಂದು ಕೇಳಿದರೆ ನನ್ನ ನಲವತ್ತು ವರ್ಷದ ಪುಸ್ತಕಗಳಲ್ಲಿ ಉತ್ತರವಿಲ್ಲ. ನಾನು ಪ್ರೀತಿಸಿದ್ದೆ, ಎಣಿಸಿರಲಿಲ್ಲ. ಆ ನೋವು ಇನ್ನೂ ಹೋಗಿಲ್ಲ.

ಇಷ್ಟು ಕೊಡುವ ಪದ್ಧತಿಯ ದೋಷಗಳನ್ನೂ ಅಷ್ಟೇ ಸ್ಪಷ್ಟವಾಗಿ ಹೇಳಬೇಕು. ಮೊದಲನೆಯದು ಸಂಖ್ಯೆಯ ಚಪಲ. ‘ನಿಮ್ಮದೆಷ್ಟಾಯಿತು’ ಎಂಬ ಪೈಪೋಟಿ ಶುರುವಾದರೆ ಹಕ್ಕಿ ಪಟ್ಟಿಯಲ್ಲಿನ ಒಂದು ಗುರುತಷ್ಟೇ ಆಗುತ್ತದೆ. ಹಕ್ಕಿಯನ್ನು ಹೊರಗೆ ಕರೆಸಲು ಮೊಬೈಲಿನಲ್ಲಿ ಅದರದೇ ಕೂಗು ಹಾಕುವವರಿದ್ದಾರೆ. ಎದುರಾಳಿ ಬಂದನೆಂದು ಗಂಡು ಎಲ್ಲ ಬಿಟ್ಟು ಕಾದಾಟಕ್ಕೆ ಬರುತ್ತದೆ. ಮರಿಗೆ ಗುಟುಕು ತರಬೇಕಾದ ಹೊತ್ತು ಇಲ್ಲದ ಶತ್ರುವಿಗಾಗಿ ವ್ಯರ್ಥವಾಗುತ್ತದೆ. ಗೂಡಿನ ಮುಂದೆ ಕ್ಯಾಮೆರಾ ಹಿಡಿದು ಮುತ್ತುವುದೂ ಇದೇ ಜಾತಿಯ ತಪ್ಪು. ಗುಂಪಿನ ಹಿರಿಯರು ಇದನ್ನು ದಾಕ್ಷಿಣ್ಯವಿಲ್ಲದೆ ತಡೆಯಬೇಕು.

ಎರಡನೆಯದು ಭಾಷೆ. ನಡಿಗೆಯುದ್ದಕ್ಕೂ ಇಂಗ್ಲಿಷ್ ಹೆಸರುಗಳೇ. ಹೆಜ್ಜಾರ್ಲೆ, ಗುಳುಮುಳುಕ, ಟಿಟ್ಟಿಭ, ಕೆಂಬೂತ, ಕಾಜಾಣ ಎಂಬ ಹೆಸರುಗಳಲ್ಲಿ ಹಕ್ಕಿಯ ದನಿಯಿದೆ, ಬಣ್ಣವಿದೆ. ಪೂರ್ಣಚಂದ್ರ ತೇಜಸ್ವಿ ‘ಕನ್ನಡ ನಾಡಿನ ಹಕ್ಕಿಗಳು’ ಬರೆದು ದಾರಿ ತೋರಿಸಿದ ಮೇಲೂ ನಾವು ಅವನ್ನು ಆಡದಿದ್ದರೆ, ಕೆರೆಯಲ್ಲಿ ಬಲೆ ಬೀಸುವವರೂ ಕುರಿ ಕಾಯುವವರೂ ನಮ್ಮ ಮಾತಿನಿಂದ ಹೊರಗುಳಿಯುತ್ತಾರೆ. ಹಕ್ಕಿ ಎಲ್ಲಿ ಗೂಡು ಕಟ್ಟಿದೆ ಎಂದು ಬಲ್ಲವರು ಅವರೇ.

ಮೂರನೆಯದು ಜಾಗದ ಆಯ್ಕೆ. ನಾವು ನೆರಳಿರುವ, ದಾರಿಯಿರುವ, ಹೆಜ್ಜಾರ್ಲೆಗಳಿಂದ ತುಂಬಿದ ಕೆರೆಗಳಿಗೇ ಹೋಗುತ್ತೇವೆ. ಆದರೆ ಹೆಚ್ಚು ಸೊರಗುತ್ತಿರುವುದು ಬಯಲು, ಹುಲ್ಲುಗಾವಲುಗಳ ಹಕ್ಕಿಗಳು. ಪಾಳೆಂದು ಕರೆಸಿಕೊಂಡ ಆ ನೆಲಕ್ಕೆ ಎಣಿಸುವವರು ಹೋಗುವುದೇ ಕಡಿಮೆ.

ತೂಗಿದಾಗ ತಕ್ಕಡಿ ಗುಂಪಿನ ಕಡೆಗೇ ವಾಲುತ್ತದೆ. ಮೇಲಿನ ಮೂರೂ ದೋಷಗಳನ್ನು ನಾವೇ ತಿದ್ದಿಕೊಳ್ಳಬಹುದು. ಒಬ್ಬೊಬ್ಬರೇ ನೋಡಿ ಮರೆತ ಹಕ್ಕಿಗಳ ಲೆಕ್ಕವನ್ನು ಇನ್ನು ಯಾರೂ ತುಂಬಿಕೊಡಲಾರರು. ಒಂಟಿಯಾಗಿ ನೋಡುವ ಸುಖವನ್ನು ಬಿಡಬೇಕಿಲ್ಲ, ನಾನೂ ಬಿಟ್ಟಿಲ್ಲ. ವಾರಕ್ಕೊಮ್ಮೆ ಹತ್ತು ಜನರ ಜೊತೆ ನಡೆಯಿರಿ. ತಿಂಗಳಿಗೊಮ್ಮೆ ನಿಮ್ಮೂರ ಹೊಲದ ಬದುವಿನ ಮೇಲೆ ಕಾಲು ಗಂಟೆ ನಿಲ್ಲಿರಿ. ಕಂಡದ್ದನ್ನೆಲ್ಲ ಬರೆಯಿರಿ, ಮೊದಲ ಸಾಲಿನಲ್ಲಿ ಕಾಗೆಯ ಹೆಸರಿರಲಿ.