ಗ್ರೋವ್ ಪ್ರಕಾಶನವೂ ಅಶ್ಲೀಲತೆಯ ವಿಚಾರವೂ

ಕಾವ್ಯದೋಷಗಳನ್ನು ಎಣಿಸುವಾಗ ಭಾರತೀಯ ಆಲಂಕಾರಿಕರು ಅಶ್ಲೀಲವನ್ನು ಮರೆಯಲಿಲ್ಲ. ನಾಚಿಕೆ, ಹೇಸಿಗೆ, ಅಮಂಗಳ ಇವುಗಳನ್ನು ಸೂಚಿಸುವ ಮಾತು ಅಶ್ಲೀಲವೆಂದು ಮಮ್ಮಟನು ಮೂರು ಬಗೆಯಾಗಿ ವಿಂಗಡಿಸಿದನು. ಸಂದರ್ಭಕ್ಕೆ ಉಚಿತವಾದಲ್ಲಿ ಅದು ದೋಷವಲ್ಲದೆ ಹೋಗಬಹುದೆಂದೂ ಹೇಳಿದನು. ಅಲ್ಲಿ ತೀರ್ಪುಗಾರನು ಸಹೃದಯನು. ಆ ತೀರ್ಪು ನ್ಯಾಯಾಧೀಶನ ಕೈಗೂ ವರ್ತಕನ ಕೈಗೂ ಹೋದರೆ ಏನಾಗುವುದೆಂಬುದಕ್ಕೆ ಅಮೆರಿಕದ ಗ್ರೋವ್ ಪ್ರೆಸ್ ಎಂಬ ಸಂಸ್ಥೆಯ ಚರಿತ್ರೆಯು ಒಳ್ಳೆಯ ನಿದರ್ಶನ.

ನ್ಯೂಯಾರ್ಕಿನ ಈ ಸಣ್ಣ ಪ್ರಕಾಶನ ಸಂಸ್ಥೆಯನ್ನು 1951ರಲ್ಲಿ ಬಾರ್ನಿ ರಾಸೆಟ್ ಎಂಬವನು 3,000 ಡಾಲರಿಗೆ ಕೊಂಡನು. 1954ರಲ್ಲಿ ಬೆಕೆಟ್ಟನ ‘ವೇಟಿಂಗ್ ಫಾರ್ ಗೋಡೋ’ ನಾಟಕವನ್ನು ಹೊರತಂದ ಕೀರ್ತಿ ಅವನದು. 1959ರಲ್ಲಿ ಲಾರೆನ್ಸನ ‘ಲೇಡಿ ಚಾಟರ್ಲೀಸ್ ಲವರ್’ ಕಾದಂಬರಿಯನ್ನು ಏನೊಂದನ್ನೂ ಕತ್ತರಿಸದೆ ಅಚ್ಚುಮಾಡಿದಾಗ ಅಂಚೆಯ ಇಲಾಖೆಯವರು ಪ್ರತಿಗಳನ್ನು ತಡೆದರು. ಅದೇ ವರ್ಷ ನ್ಯಾಯಾಧೀಶ ಬ್ರಯನ್ನನು ಆ ತಡೆಯು ಸಲ್ಲದೆಂದು ತೀರ್ಮಾನಿಸಿದನು. ಆದರೆ ಆ ಗ್ರಂಥಕ್ಕೆ ಅಮೆರಿಕದಲ್ಲಿ ಗ್ರಂಥಸ್ವಾಮ್ಯದ ರಕ್ಷಣೆಯಿರಲಿಲ್ಲ. ವ್ಯಾಜ್ಯದ ವೆಚ್ಚ ರಾಸೆಟ್ಟನದು. ಅಗ್ಗದ ಪ್ರತಿಗಳನ್ನು ಮಾರಿದವರು ಇತರರು. ಒಬ್ಬನು ಉತ್ತ ಹೊಲದಲ್ಲಿ ಹಲವರು ಕೊಯ್ದುಕೊಂಡರು.

1961ರಲ್ಲಿ ಹೆನ್ರಿ ಮಿಲ್ಲರನ ‘ಟ್ರಾಪಿಕ್ ಆಫ್ ಕ್ಯಾನ್ಸರ್’ ಹೊರಬಂದಿತು. ಪುಸ್ತಕ ಮಾರಿದುದಕ್ಕಾಗಿ ಮೊಕದ್ದಮೆಗೆ ಸಿಕ್ಕಿದ ಅಂಗಡಿಯವರ ಖರ್ಚನ್ನು ತಾನೇ ಹೊರುವೆನೆಂದು ರಾಸೆಟ್ಟನು ಮಾತುಕೊಟ್ಟನು. ಊರೂರುಗಳಲ್ಲಿ ವ್ಯಾಜ್ಯಗಳು ಎದ್ದುವು. 1964ರಲ್ಲಿ ಸರ್ವೋಚ್ಚ ನ್ಯಾಯಾಲಯವು ಗ್ರಂಥದ ಪರವಾಗಿ ನಿಂತಿತು. ಕೃತಿಯನ್ನು ಬಿಡಿ ಪುಟಗಳಿಂದ ಅಳೆಯದೆ ಸಮಗ್ರವಾಗಿ ನೋಡಬೇಕೆಂಬ ತತ್ತ್ವವು ಆ ಕಾಲದ ವ್ಯಾಜ್ಯಗಳಲ್ಲಿ ಆಧಾರವಾಗಿತ್ತು. ಈ ತತ್ತ್ವವು ಸಾಧುವಾದುದೇ.

ಅದರ ಕಠಿಣ ಪರೀಕ್ಷೆ ನಡೆದುದು ಚಲಚ್ಚಿತ್ರದಲ್ಲಿ. ಸ್ವೀಡನ್ನಿನ ವಿಲ್ಗಾಟ್ ಷೋಮನ್ 1967ರಲ್ಲಿ ನಿರ್ಮಿಸಿದ ‘ಐ ಆಮ್ ಕ್ಯೂರಿಯಸ್: ಯೆಲ್ಲೋ’ ಚಿತ್ರವನ್ನು ಗ್ರೋವ್ ಸಂಸ್ಥೆಯು ತರಿಸಿಕೊಂಡಿತು. ಸುಂಕದವರು ಅದನ್ನು ಹಿಡಿದಿಟ್ಟರು, ಜ್ಯೂರಿಯವರು ಅಶ್ಲೀಲವೆಂದರು, 1968ರಲ್ಲಿ ಮೇಲ್ಮನವಿಯ ನ್ಯಾಯಸ್ಥಾನವು ಬಿಡುಗಡೆ ಮಾಡಿತು. ಚಿತ್ರದ ನಾಯಕಿಯಾದ ತರುಣಿಯು ಸ್ಟಾಕ್‌ಹೋಮಿನ ಜನರನ್ನು ವರ್ಗಭೇದದ ವಿಚಾರವಾಗಿ ಪ್ರಶ್ನಿಸುತ್ತ ತಿರುಗುವಳು. ಮಾರ್ಟಿನ್ ಲೂಥರ್ ಕಿಂಗನೂ ಒಂದೆಡೆ ಕಾಣಿಸಿಕೊಳ್ಳುವನು. 1969ರಲ್ಲಿ ಚಿತ್ರಮಂದಿರಕ್ಕೆ ನುಗ್ಗಿದ ಜನಕ್ಕೆ ಬೇಕಾಗಿದ್ದುದು ಇದಲ್ಲ. ಅವರು ಹಣ ತೆತ್ತುದು ಕೆಲವು ನಗ್ನದೃಶ್ಯಗಳಿಗೆ. ಉಳಿದುದು ಅವರ ತಾಳ್ಮೆಗೆ ಬಿದ್ದ ಸುಂಕ. ನ್ಯಾಯಸ್ಥಾನವು ಸಮಗ್ರವನ್ನು ನೋಡಿ ಬಿಟ್ಟಿತು. ಮಾರುಕಟ್ಟೆಯು ಭಾಗವನ್ನು ತೋರಿಸಿ ಮಾರಿತು. ಇಡೀ ಪ್ರಕರಣದ ತೊಡಕು ಇಲ್ಲಿದೆ.

ಮೇರಿಲ್ಯಾಂಡಿನ ಪರಿಶೀಲನಾ ಮಂಡಲಿಯು ಈ ಚಿತ್ರವನ್ನು ನಿಷೇಧಿಸಿತ್ತು. ವ್ಯಾಜ್ಯವು ಸರ್ವೋಚ್ಚ ನ್ಯಾಯಾಲಯಕ್ಕೆ ಬಂದಾಗ ನ್ಯಾಯಮೂರ್ತಿ ಡಗ್ಲಾಸನು ದೂರ ಸರಿದನು. ಅವನ ಗ್ರಂಥದ ಒಂದು ಭಾಗವನ್ನು ಗ್ರೋವ್ ಸಂಸ್ಥೆಯದೇ ಆದ ‘ಎವರ್‌ಗ್ರೀನ್ ರಿವ್ಯೂ’ ಪ್ರಕಟಿಸಿತ್ತು. ಉಳಿದ ಎಂಟು ಮಂದಿ ನಾಲ್ವರು ನಾಲ್ವರಾಗಿ ಒಡೆದುದರಿಂದ 1971ರಲ್ಲಿ ನಿಷೇಧವೇ ನಿಂತಿತು. ಅಷ್ಟರಲ್ಲಿ ಮನೆಯೊಳಗೇ ಕಲಹವೆದ್ದಿತ್ತು. 1970ರಲ್ಲಿ ಕಾರ್ಮಿಕಸಂಘದ ತಕರಾರು ನಡೆದಿರುವಾಗ, ಹೆಂಗಸರ ಮೈಯನ್ನು ಮಾರಿ ಹಣ ಮಾಡುವ ಸಂಸ್ಥೆಯಿದೆಂದು ಆರೋಪಿಸಿ ಸ್ತ್ರೀವಾದಿಗಳು ಕಚೇರಿಯನ್ನು ಆಕ್ರಮಿಸಿಕೊಂಡರು. ಸ್ವಾತಂತ್ರ್ಯದ ವಾದದಿಂದ ಬೆಳೆದ ಸಂಸ್ಥೆಗೆ ಈ ಪ್ರಶ್ನೆಗೆ ತಕ್ಕ ಉತ್ತರವಿರಲಿಲ್ಲ. ಬಾಗಿಲು ತೆರೆದ ಮೇಲೆ ಸಾಹಿತ್ಯದ ಹಂಗಿಲ್ಲದ ವರ್ತಕರೂ ಒಳಹೊಕ್ಕರು. ನಿಷೇಧವೇ ತಂದುಕೊಡುತ್ತಿದ್ದ ಲಾಭವು ಕರಗಿತು. ಸಂಸ್ಥೆಯು 1985ರಲ್ಲಿ ಪರರ ಕೈಸೇರಿತು. ಮರುವರ್ಷ ರಾಸೆಟ್ಟನೇ ಹೊರಬಿದ್ದನು.

ಲಾರೆನ್ಸನ ಅದೇ ಕಾದಂಬರಿಗೆ ಭಾರತದಲ್ಲಿ ಬೇರೆ ಗತಿಯಾಯಿತು. ಅದನ್ನು ಮಾರಿದ ಮುಂಬಯಿಯ ಪುಸ್ತಕವ್ಯಾಪಾರಿ ರಂಜಿತ್ ಉದೇಶಿಯ ಶಿಕ್ಷೆಯನ್ನು 1964ರಲ್ಲಿಯೇ ಇಲ್ಲಿನ ಸರ್ವೋಚ್ಚ ನ್ಯಾಯಾಲಯವು ಎತ್ತಿಹಿಡಿಯಿತು. 1868ರ ಹಿಕ್ಲಿನ್ ವ್ಯಾಜ್ಯದಲ್ಲಿ ಇಂಗ್ಲೆಂಡು ರೂಪಿಸಿದ ಒರೆಗಲ್ಲೇ ಅಲ್ಲಿ ಬಳಕೆಯಾಯಿತು. 1969ರ ತಿದ್ದುಪಡಿಯು ಸಾಹಿತ್ಯಕ್ಕೂ ಕಲೆಗೂ ಸ್ಪಷ್ಟವಾದ ವಿನಾಯಿತಿಯನ್ನು ಕೊಟ್ಟಿತು. 2014ರಲ್ಲಿ ನ್ಯಾಯಾಲಯವು ಹಿಕ್ಲಿನ್ ಒರೆಗಲ್ಲನ್ನೇ ಕೈಬಿಟ್ಟಿತು.

ಗ್ರಂಥವೊಂದು, ತೀರ್ಪುಗಳು ಎರಡು. ಲಾರೆನ್ಸನು ದೊಡ್ಡ ಕಾದಂಬರಿಕಾರನೇ ಎಂಬುದನ್ನು ಎರಡೂ ಇತ್ಯರ್ಥಪಡಿಸಲಿಲ್ಲ, ಪಡಿಸಲಾರವು. ದಂಡಾರ್ಹವಲ್ಲವೆಂದು ನ್ಯಾಯಾಧೀಶನು ಹೇಳಿದರೆ ಶ್ಲಾಘ್ಯವೆಂದು ಹೇಳಿದಂತಲ್ಲ. ಬೆಕೆಟ್ಟನನ್ನು ಕೊಟ್ಟ ಸಂಸ್ಥೆಯೇ 1966ರಲ್ಲಿ ‘ಮೈ ಸೀಕ್ರೆಟ್ ಲೈಫ್’ ಎಂಬ ವಿಕ್ಟೋರಿಯಾ ಕಾಲದ ಕಾಮವೃತ್ತಾಂತವನ್ನೂ ಕೊಟ್ಟಿತು. ಎರಡನ್ನೂ ಒಂದೇ ಕಾನೂನು ಕಾಯಬಹುದು, ಕಾಯಲಿ. ಮನೆಯ ಕಪಾಟಿನಲ್ಲಿ ಯಾವುದಕ್ಕೆ ಸ್ಥಳವೆಂಬುದನ್ನು ಓದುಗನೇ ಓದಿ ನಿರ್ಣಯಿಸಬೇಕು. ಆ ಶ್ರಮವನ್ನು ಅವನು ಬಿಟ್ಟಕೂಡಲೆ ಅದನ್ನು ವಹಿಸಿಕೊಳ್ಳಲು ಸುಂಕದವನೂ ವರ್ತಕನೂ ಕಾದಿರುವರು.