ಹಲಗೂರಿನ ಕಬ್ಬಿಣ, ನೀಲಗಾರರ ದನಿ

ಮಂಟೇಸ್ವಾಮಿ ಕಾವ್ಯವನ್ನು ಓದಿದವರಿಗಿಂತ ಕೇಳಿದವರು ಪುಣ್ಯವಂತರು. ನಂಜನಗೂಡು, ತಿ. ನರಸೀಪುರ, ಮಳವಳ್ಳಿ, ಕೊಳ್ಳೇಗಾಲದ ಸೀಮೆಯಲ್ಲಿ ಇದನ್ನು ಹಾಡುವವರು ನೀಲಗಾರರು. ಹರಕೆಯಿಂದ ದೀಕ್ಷೆ ಪಡೆದ ಇವರಲ್ಲಿ ಬಹಳಷ್ಟು ಮಂದಿ ದಲಿತರು, ಉಳಿದವರೂ ದುಡಿದು ಉಣ್ಣುವ ಜಾತಿಗಳವರೇ. ಹಗಲೆಲ್ಲ ಗದ್ದೆಯಲ್ಲಿ ಗೇಯ್ದ ಕೈಗೆ ರಾತ್ರಿ ತಂಬೂರಿ ಬರುತ್ತದೆ.

ನಾನು ಮತ್ತೆ ಮತ್ತೆ ಕೇಳುವುದು ಒಂದು ಮೊಬೈಲ್ ಧ್ವನಿಮುದ್ರಣವನ್ನು. ಹಳ್ಳಿಯ ಜಗುಲಿಯೊಂದರ ಮೇಲೆ ಯಾರೋ ಹಿಡಿದದ್ದು. ಮೊದಲು ತಂಬೂರಿಯ ಶ್ರುತಿ ಕೂಡುತ್ತದೆ, ಹಿಂದೆಯೇ ಗಗ್ಗರ. ಆ ಕಂಚಿನ ಸದ್ದು ಕಥೆಯ ಜೊತೆ ಹೆಜ್ಜೆ ಹಾಕುತ್ತದೆ: ಗುರು ಮಂಟೇಸ್ವಾಮಿ ನಡೆದರೆ ನಡೆಯುತ್ತದೆ, ಮುನಿದರೆ ಬಿರುಸಾಗುತ್ತದೆ, ಯಾರಾದರೂ ಅತ್ತರೆ ತಗ್ಗುತ್ತದೆ. ಮುಮ್ಮೇಳದವರು ಸಾಲು ಎತ್ತುತ್ತಾರೆ. ಹಿಮ್ಮೇಳದವರು ಅದರ ಬಾಲ ಹಿಡಿದು ಮುಗಿಸುವಷ್ಟರಲ್ಲಿ ಮುಮ್ಮೇಳದವರಿಗೆ ಉಸಿರು ಸಿಗುತ್ತದೆ, ಮುಂದಿನ ಸಾಲೂ ಹೊಳೆಯುತ್ತದೆ. ನಡುವೆ ಒಂದು ಕೆಮ್ಮು, ಟೀ ಲೋಟದ ಸದ್ದು, ಮಗುವೊಂದರ ಅಳು. ಅವೆಲ್ಲ ಇದ್ದದ್ದರಿಂದಲೇ ಆ ರಾತ್ರಿ ನನಗೆ ಪೂರ್ತಿಯಾಗಿ ಸಿಕ್ಕಿತು.

ಅದರಲ್ಲಿ ನನಗೆ ಬಹಳ ಹಿಡಿಸುವುದು ಹಲಗೂರಿನ ಭಾಗ. ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಮೊದಲ ಹೆಸರು ಕೆಂಪಾಚಾರಿ, ಕುಲುಮೆಯ ಮನೆಯ ಮಗ. ಮಂಟೇಸ್ವಾಮಿ ಅವನನ್ನು ಶಿಷ್ಯನಾಗಿ ಪಡೆದು, ಕಬ್ಬಿಣದ ಭಿಕ್ಷೆ ತರಲು ಹಲಗೂರಿನ ಪಾಂಚಾಳರ ಹತ್ತಿರಕ್ಕೇ ಕಳಿಸುತ್ತಾನೆ. ಕಮ್ಮಾರನ ಮಗ ಕಮ್ಮಾರರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕು! ಅವರು ಒಡ್ಡುವ ಪರೀಕ್ಷೆಗಳನ್ನೆಲ್ಲ ಅವನು ಗೆಲ್ಲುತ್ತಾನೆ, ಪವಾಡಪುರುಷನಾಗುತ್ತಾನೆ. ಆದರೆ ನನ್ನ ಕಿವಿ ನಿಲ್ಲುವುದು ಪವಾಡದ ಹತ್ತಿರವಲ್ಲ, ಕುಲುಮೆಯ ಹತ್ತಿರ. ತಿದಿ, ಅಡಿಗಲ್ಲು, ಇಕ್ಕಳ, ಸುತ್ತಿಗೆ ಎಂದು ಗಾಯಕರು ಹೆಸರಿಸುವಾಗ ಅದು ಪಟ್ಟಿಯಂತೆ ಕೇಳುವುದಿಲ್ಲ, ಅವನ್ನು ಕೈಯಾರೆ ಬಲ್ಲವರ ಮಾತಿನಂತೆ ಕೇಳುತ್ತದೆ.

ದೇವರಗುಡ್ಡರು ಕಂಸಾಳೆ ಹಿಡಿದು ಹಾಡುವ ಮಾದೇಶ್ವರನ ಕಥೆಯಲ್ಲೂ ಹೀಗೇ. ಶ್ರವಣಾಸುರನನ್ನು ಕೊಲ್ಲಲು ಮೆಟ್ಟು ಮಾಡಿಕೊಡುವವನು ತೊಗಲಿನ ಕೆಲಸದ ಹರಳಯ್ಯ. ಅದೇ ಕಥೆಯ ಸಂಕಮ್ಮನ ಗಂಡ ಜೇನಿಗೆಂದು ಕಾಡು ಹತ್ತುವ ಸೋಲಿಗ. ಕಬ್ಬಿಣ, ತೊಗಲು, ಜೇನು: ಈ ನಾಡಿನ ದುಡಿಮೆಯ ಚರಿತ್ರೆ ಶಾಸನಗಳಿಗಿಂತ ಹೆಚ್ಚಾಗಿ ಈ ಹಾಡುಗಳಲ್ಲಿದೆ ಎಂದೇ ನನ್ನ ನಂಬಿಕೆ.

ವಿದ್ವಾಂಸರು ಈ ಹಾಡುಗಳನ್ನು ಉಳಿಸಲು ಪಟ್ಟ ಶ್ರಮ ದೊಡ್ಡದು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೀ.ಶಂ. ಪರಮಶಿವಯ್ಯನವರು ಜಾನಪದದ ಅಧ್ಯಯನಕ್ಕೆ ನೆಲೆ ಕಟ್ಟಿದರು. ಪಿ.ಕೆ. ರಾಜಶೇಖರ ಅವರು ಮಾದೇಶ್ವರನ ಕಾವ್ಯ ಸಂಗ್ರಹಿಸಿದರು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ಹಿ.ಚಿ. ಬೋರಲಿಂಗಯ್ಯನವರ ಸಂಪಾದನೆಯಲ್ಲಿ ಮಂಟೇಸ್ವಾಮಿ ಕಾವ್ಯವನ್ನು ತಂದಿತು. ಹೆಬ್ಬಣಿ ಮಾದಯ್ಯ ಮತ್ತು ಸಂಗಡಿಗರು ಹಾಡಿದ ಮಾದೇಶ್ವರನ ಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಪಾದಿಸಿದರು. ಅಲ್ಲಿ ಹಾಡಿದವರ ಹೆಸರಿಗೂ ಜಾಗ ಸಿಕ್ಕಿದೆ. ಕರಾವಳಿಯಲ್ಲಿ ಗೋಪಾಲ ನಾಯ್ಕರು ಹಾಡಿದ ಸಿರಿ ಎಂಬ ತುಳು ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹೊಂಕೊ, ನಮ್ಮ ವಿವೇಕ ರೈ, ಚಿನ್ನಪ್ಪ ಗೌಡರು 1990ರಲ್ಲಿ ಪೂರ್ತಿ ಮುದ್ರಿಸಿಕೊಂಡಾಗ ಅದು 15,683 ಸಾಲಾಯಿತು, ಹೇಳಿ ಬರೆಸಿದ ಪಾಠಕ್ಕಿಂತ ಬಹಳ ದೊಡ್ಡದು. ಹಾಡುವವರನ್ನು ಅವರ ಪಾಡಿಗೆ ಹಾಡಲು ಬಿಟ್ಟರೆ ಕಾವ್ಯ ಎಷ್ಟು ಹಿಗ್ಗುತ್ತದೆ ನೋಡಿ.

ಈ ಹಾಡುಗಳ ದನಿ ಪುಸ್ತಕಕ್ಕೂ ಇಳಿದಿದೆ. ನಂಜನಗೂಡು ತಾಲ್ಲೂಕಿನ ದೇವನೂರಿನವರೇ ಆದ ದೇವನೂರ ಮಹಾದೇವ ಅವರ ಕಾದಂಬರಿ ‘ಕುಸುಮಬಾಲೆ’ ಬಂದಾಗ ಓದಲು ಕಷ್ಟ ಎಂದವರಿದ್ದರು. ಜೋರಾಗಿ ಓದಿ ನೋಡಿ, ಗಂಟು ಬಿಚ್ಚಿಕೊಳ್ಳುತ್ತದೆ. ಆ ಗದ್ಯದ ಉಸಿರು ಈ ಹಾಡುಗಾರರದೇ.

ಈಗ ಯೂಟ್ಯೂಬಿನಲ್ಲಿ ಈ ಕಥೆಗಳು ಬೇಕಾದಷ್ಟಿವೆ. ಆದರೆ ಹಲವು ಕಡೆ ಗಗ್ಗರದ ಮೇಲೆ ಕೀಬೋರ್ಡ್ ಕುಳಿತಿದೆ, ರಾತ್ರಿಯಿಡೀ ನಡೆಯುವ ಕಥೆ ಐದು ನಿಮಿಷದ ತುಣುಕಾಗಿದೆ, ಹಾಡಿದವರ ಹೆಸರಿಲ್ಲ, ಊರಿಲ್ಲ. ಇದರಿಂದ ನನಗೆ ನಿಜವಾಗಿ ಸಂಕಟವಾಗುತ್ತದೆ. ಜಗುಲಿಯ ಮೇಲೆ ಮೊಬೈಲ್ ಹಿಡಿದ ಆ ಯಾರೋ ಒಬ್ಬರು, ಕತ್ತರಿ ಹಾಕದೆ ಬಿಟ್ಟದ್ದರಿಂದಲೇ, ದೊಡ್ಡ ಕೆಲಸ ಮಾಡಿದ್ದಾರೆ.

ನಂಜನಗೂಡು, ನರಸೀಪುರದ ಕಡೆಯವರಲ್ಲಿ ಒಂದು ಬೇಡಿಕೆ. ಮನೆಯ ಅಟ್ಟದಲ್ಲಿ ಹಳೆಯ ಕ್ಯಾಸೆಟ್ಟುಗಳಿದ್ದರೆ ಗುಜರಿಗೆ ಹಾಕಬೇಡಿ; ಟೇಪಿಗೆ ಬೂಸ್ಟು ಹಿಡಿಯುವ ಮುನ್ನ ಡಿಜಿಟಲ್ ಮಾಡಿಸಿ. ಊರಿಗೆ ನೀಲಗಾರರು ಬಂದ ರಾತ್ರಿ ಅವರ ಒಪ್ಪಿಗೆ ಕೇಳಿ, ಮೊದಲಿನಿಂದ ಕಡೆಯವರೆಗೆ ಮುದ್ರಿಸಿಕೊಳ್ಳಿ. ಆರಂಭದಲ್ಲೇ ಅವರ ಬಾಯಿಂದ ಅವರ ಹೆಸರು, ಊರು, ಕಲಿಸಿದ ಗುರುವಿನ ಹೆಸರು ಹೇಳಿಸಿ. ಒಂದು ಪ್ರತಿಯನ್ನು ತಪ್ಪದೆ ಅವರ ಮನೆಗೇ ಕೊಟ್ಟು ಬನ್ನಿ.